ಮಹಿಳೆಯರಿಗೆ, ಮೂರರಿಂದ ನಾಲ್ಕು

ಚಾಮರಾಜನಗರದ ಅಂಚಿನಲ್ಲಿ, ಮೊದಲು ಅರಿಶಿನ ಬೆಳೆಯುತ್ತಿದ್ದ ಹೊಲಗಳನ್ನು ಸೈಟುಗಳಾಗಿ ಮಾಡಿದ ಬಡಾವಣೆಯಲ್ಲಿ ನಮ್ಮ ಮನೆ ಇದೆ. ಅಲ್ಲೊಂದು ಪಾರ್ಕು, ಒಂದು ಸಮುದಾಯ ಭವನ, ಅದರ ಹಿಂದೆ ಈಜುಕೊಳ. ಸೈಟು ಮಾರುವಾಗ ಬಣ್ಣದ ಚಿತ್ರದಲ್ಲಿ ತೋರಿಸಿದ್ದ ಆ ಕೊಳ ನೀರು ಕಂಡದ್ದು ನಾವು ಮನೆ ಕಟ್ಟಿ ಮೂರು ವರ್ಷವಾದ ಮೇಲೆ. ನಿವಾಸಿಗಳ ಸಂಘದವರು ವೇಳಾಪಟ್ಟಿ ಬರೆದು ಗೇಟಿಗೆ ಅಂಟಿಸಿದರು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಗಂಡಸರಿಗೆ. ಮಹಿಳೆಯರಿಗೆ ಮಧ್ಯಾಹ್ನ ಮೂರರಿಂದ ನಾಲ್ಕು. ಏಪ್ರಿಲ್ ಬಿಸಿಲಿನಲ್ಲಿ ಬೇರೆ ಯಾರಿಗೂ ಬೇಡವಾಗಿದ್ದ ಹೊತ್ತು ಅದು.

ನಾನು ಗುಂಡ್ಲುಪೇಟೆ ಹತ್ತಿರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ವರ್ಷವಿಡೀ ಬಸ್ಸಿನಲ್ಲಿ ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ. ಆ ಬೇಸಿಗೆ ರಜೆಯಲ್ಲಿ, ನಲವತ್ತಾರನೇ ವಯಸ್ಸಿನಲ್ಲಿ, ಈಜು ಕಲಿಯಲು ಹೆಸರು ಕೊಟ್ಟೆ. ಮಂಡಿನೋವಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಜೊತೆಗೆ ಬಡಾವಣೆಯ ಇನ್ನಿಬ್ಬರು ಹೆಂಗಸರು. ಮೈಸೂರಿನಿಂದ ರೈಲಿನಲ್ಲಿ ಬರುತ್ತಿದ್ದ ತರಬೇತಿಯ ಹುಡುಗಿ ನಾಲ್ಕು ದಿನ ಬಂದಳು. ಐದನೇ ದಿನ, ಬೇರೆ ಕಡೆ ಕೆಲಸ ಸಿಕ್ಕಿತೆಂದು ಫೋನ್ ಮಾಡಿದಳು. ಅಷ್ಟರಲ್ಲಿ ನಾವು ಕಲಿತದ್ದು ಕಂಬಿ ಹಿಡಿದು ಕಾಲು ಬಡಿಯುವುದೊಂದೇ.

ನಮ್ಮತ್ತೆಯೂ ನನ್ನೊಡನೆ ಬರುತ್ತಿದ್ದರು. ಅವರಿಗೆ ಅರವತ್ತೆಂಟು, ತವರು ಹರವೆ ಕಡೆ. ಮಧ್ಯಾಹ್ನ ಮನೆಯಲ್ಲಿ ಕರೆಂಟು ಹೋಗುತ್ತಿದ್ದುದರಿಂದ, ಕೊಳದ ಪಕ್ಕ ಹೊಂಗೆ ನೆರಳಿನ ಬೆಂಚೇ ವಾಸಿ ಎಂದು ಬಂದು ಕೂರುವರು. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದರೂ ನಮ್ಮಿಬ್ಬರ ಮಾತು ಸಾರಿನ ಉಪ್ಪು, ಹಾಲಿನವನು, ಬಿ.ಪಿ. ಮಾತ್ರೆ ಇವುಗಳನ್ನು ದಾಟಿದ್ದು ಕಡಿಮೆ. ಜಗಳವೂ ಇರಲಿಲ್ಲ.

ಹುಡುಗಿ ಬಾರದ ದಿನ ನಾವು ಮೂವರೂ ಎದೆಮಟ್ಟದ ನೀರಿನಲ್ಲಿ ಸುಮ್ಮನೆ ನಿಂತಿದ್ದೆವು. ನಾನೊಮ್ಮೆ ಕಂಬಿ ಬಿಟ್ಟು ಮುಂದಕ್ಕೆ ಬಿದ್ದೆ. ಕೈಕಾಲು ಬಡಿದು, ನೀರು ಕುಡಿದು, ಕೆಮ್ಮುತ್ತ ಎದ್ದೆ. ಬೆಂಚಿನಿಂದ ಅತ್ತೆಯ ದನಿ ಬಂತು.

"ನೀರ ಒಡೀಬ್ಯಾಡ ಕಣಮ್ಮಿ. ಅದೇನು ನಿಂಗೆ ಆಗ್ದೋರಾ? ಮೆತ್ತಗ ತಳ್ಳು."

"ನಿಮಗೆ ಈಜು ಬರುತ್ತಾ ಅತ್ತೆ?"

"ಬರ್ದೇ ಏನು? ನಮ್ಮಪ್ಪನ ತ್ವಾಟದ ಬಾವೀಲಿ, ಬೆನ್ಗೆ ಒಣಗಿದ ಸೋರೆಬುರುಡೆ ಕಟ್ಬುಟ್ಟು ತಳ್ಬುಡೋನು ನಮ್ಮಣ್ಣ. ಎಂಟ್ ದಿನಕ್ಕೆ ಬುರುಡೆ ಬಿಚ್ಚಾಕ್ದೆ."

"ಇಷ್ಟು ವರ್ಷ ಹೇಳಲೇ ಇಲ್ವಲ್ಲ?"

"ಯಾರ್ ಕೇಳುದ್ರು? ದೊಡ್ಡೋಳಾದ್ ಮ್ಯಾಲ ಬಾವಿ ತಾಕೆ ಬುಡ್ನಿಲ್ಲ. ಅಲ್ಗೆ ಮುಗೀತು."

ಅಂದಿನಿಂದ ಅವರು ಬೆಂಚಿನಿಂದೆದ್ದು ಕೊಳದ ಕಟ್ಟೆಯ ಮೇಲೆ ಕೂತು ಹೇಳಿಕೊಡತೊಡಗಿದರು. ಮುಖ ನೀರೊಳಗಿಟ್ಟು ಉಸಿರು ಬಿಡಿಸಿದರು, ಹೊಟ್ಟೆ ಮೇಲೆ ಮಾಡಿ ತೇಲಿಸಿದರು. ನಾಲ್ಕಾರು ದಿನದಲ್ಲಿ ನಾವು ಮೂವರೂ ಕಂಬಿ ಬಿಟ್ಟೆವು. ಸುದ್ದಿ ಕೇಳಿ ಸಂಘದ ಕಾರ್ಯದರ್ಶಿ ಬಂದರು. ನಿವೃತ್ತ ನೌಕರರು, ಮಾತು ಮೆದು.

"ಅಮ್ಮಾ, ಸೀರೇಲಿ ಮಾತ್ರ ಇಳೀಬೇಡಿ. ನೂಲೆಲ್ಲಾ ಹೋಗಿ ಮೋಟ್ರಿಗೆ ಸಿಕ್ಕಾಕತದ."

"ನಾನೆಲ್ಲಿ ಇಳ್ದೆ ಬುಡಪ್ಪ. ಬಾಯಲ್ಲಿ ಯೋಳ್ತಾವ್ನಿ ಅಷ್ಟೆ."

ಮಾರನೆಯ ದಿನ ಕಲಿಯುವವರಲ್ಲೊಬ್ಬರು, ಮೈಕಟ್ಟಿನಲ್ಲಿ ಅತ್ತೆಯಷ್ಟೇ ಇದ್ದವರು, ಮೈತುಂಬ ಮುಚ್ಚುವ ತಮ್ಮದೊಂದು ನೈಲಾನ್ ಉಡುಪು ತಂದುಕೊಟ್ಟರು. ಅತ್ತೆ ಅದನ್ನು ಎರಡು ದಿನ ಕುರ್ಚಿಯ ಮೇಲಿಟ್ಟು ನೋಡಿದರು. ಮೂರನೆಯ ದಿನ, "ಬಾಗ್ಲಾಕ್ಕ ಬಾ" ಎಂದು ನನ್ನನ್ನು ರೂಮಿಗೆ ಕರೆದರು. ತೋಳು ತೂರಿಸುವಾಗ ಹಲ್ಲು ಕಚ್ಚಿದರು. ಬಟ್ಟೆ ಬಿಗಿಯಾಗಿರಬೇಕೆಂದುಕೊಂಡೆ.

ಮೆಟ್ಟಿಲಿಳಿದು ಒಮ್ಮೆ ಮುಳುಗಿ ಎದ್ದು, ಹಿಂದುಮುಂದು ನೋಡದೆ ಗೋಡೆಗೆ ಕಾಲು ಕೊಟ್ಟು ಹೊರಟರು. ಎಡಗೈ ನೀಟಾಗಿ ನೀರು ಸರಿಸಿತು. ಬಲಗೈ ಮೈಗೆ ಅಂಟಿಕೊಂಡೇ ಇತ್ತು. ಹಾಗಾಗಿ ನೇರ ಹೋಗಲಾಗದೆ, ಸುತ್ತು ಹಾಕಿ ಹೊರಟಲ್ಲಿಗೇ ಬಂದರು. ಇನ್ನೊಮ್ಮೆ ಹೊರಟರು, ಮತ್ತೆ ಅಲ್ಲಿಗೇ ಬಂದರು. ಹೆಂಗಸರಿಬ್ಬರೂ ನಕ್ಕರು, ಅತ್ತೆಯೂ ನಕ್ಕರು. ನಗು ನಿಂತ ಮೇಲೆ ಕಂಬಿ ಹಿಡಿದು, "ಈ ಕೈ ಮ್ಯಾಕೆ ಓಗದಿಲ್ಲ ಕಣಮ್ಮಿ. ಓದ್ ವರ್ಸದಿಂದ" ಎಂದರು.

ಆ ಒಂದು ವರ್ಷ ಅವರು ತೊಳೆದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟಿರುತ್ತಿದ್ದರು. ಸ್ಕೂಲಿನಿಂದ ಬಂದು ನಾನೇ ತಂತಿಯ ಮೇಲೆ ಹಾಕುತ್ತಿದ್ದೆ. "ನಿಮ್ಮಮ್ಮ ಈಗ ಒಂದು ಬಟ್ಟೇನೂ ಒಣಗಿ ಹಾಕಲ್ಲ" ಎಂದು ಗಂಡನ ಹತ್ತಿರ ಎರಡು ಸಲ ಹೇಳಿದ್ದೂ ಉಂಟು. ಅವರಿಗೆ ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ, ನಾನು ವಿಚಾರಿಸಲೂ ಇಲ್ಲ.

"ಹೇಳಬಾರದಾಗಿತ್ತಾ?" ಎಂದೆ.

"ಯೋಳುದ್ರ ಆಸ್ಪತ್ರ ಅಂತೀಯೆ. ನೀನು ರಜ ಆಕ್ಬೇಕಾಯ್ತದ."

ಮರುದಿನವೇ ಆಸ್ಪತ್ರೆಗೆ ಕರೆದೊಯ್ದೆ. ಭುಜದ ಕೀಲು ಬಿಗಿದುಕೊಂಡಿದೆ, ದಿನಾ ವ್ಯಾಯಾಮ ಮಾಡಿಸಬೇಕು ಎಂದರು. ಉಳಿದ ರಜೆಯೆಲ್ಲ ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಕೊಳ. ನೀರಿನೊಳಗೆ ಕೈಯಾಡಿಸುವುದು ಒಳ್ಳೆಯದೆಂದು ಡಾಕ್ಟರೂ ಒಪ್ಪಿದರು. ನಾವು ಈಜುತ್ತಿದ್ದರೆ ಅವರು ಮೂಲೆಯಲ್ಲಿ ಕತ್ತಿನವರೆಗೆ ಮುಳುಗಿ, ಬಲಗೈಯನ್ನು ಇಷ್ಟಿಷ್ಟೇ ಎತ್ತುತ್ತಿದ್ದರು.

ಮೇ ಕೊನೆಯ ವಾರ ನಾನು ಕೊಳದ ಉದ್ದಕ್ಕೂ ಈಜಿದೆ. ಅತ್ತೆ ದಡದ ಮೇಲೆ ನನ್ನ ಸಮಕ್ಕೆ ನಡೆಯುತ್ತ, "ಉಸ್ರು ಬುಡು, ಕತ್ತೆತ್ಬ್ಯಾಡ, ಇನ್ನೊಂಚೂರೇ ಕಣಮ್ಮಿ" ಎಂದು ಕೊನೆಯವರೆಗೂ ಹೇಳುತ್ತಿದ್ದರು. ಆಚೆ ಗೋಡೆ ಮುಟ್ಟಿ ಏದುಸಿರು ಬಿಡುತ್ತಿದ್ದಾಗ, "ಕಾಲು ಜಾಸ್ತಿ ಬಡೀತೀಯೆ" ಎಂದರು.

ಜೂನಿನಲ್ಲಿ ಸ್ಕೂಲು ತೆರೆಯಿತು. ದೀಪಾವಳಿ ಹೊತ್ತಿಗೆ ಅತ್ತೆ ಬಲಗೈ ಎತ್ತಿ ತಲೆ ಬಾಚಿಕೊಳ್ಳತೊಡಗಿದರು. ಅತ್ತೆ ಸೊಸೆ ಗೆಳತಿಯರಾಗಿಬಿಟ್ಟೆವು ಎಂದರೆ ಸುಳ್ಳಾಗುತ್ತದೆ. ಅಡುಗೆಮನೆಯಲ್ಲಿ ಮಾತು ಮೊದಲಿನಷ್ಟೇ. ಆದರೆ ಮೊನ್ನೆ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಬಾಗಿಲವರೆಗೂ ಬಂದು, "ಎಡಗಣ್ಣು ಯಾಕೋ ಮಂಜಾಯ್ತದ ಕಣಮ್ಮಿ" ಎಂದರು. ಚಪ್ಪಲಿ ಬಿಟ್ಟು ಒಳಗೆ ಬಂದು ಸ್ಕೂಲಿಗೆ ಫೋನ್ ಮಾಡಿದೆ.