ಎಂಟು ಮನೆಯ ಊರು ಮತ್ತು ಪ್ಲೂಟೊ

ಪ್ಲೂಟೊ ಒಂಬತ್ತನೆಯ ಗ್ರಹ ಎಂದು ನನಗೆ ಕಲಿಸಿದವರೂ, ಅದು ಗ್ರಹವಲ್ಲ ಎಂದು ನಾನು ಹೇಳಿದಾಗ ಮೂರು ತಿಂಗಳು ಮಾತು ಬಿಟ್ಟವರೂ ಒಬ್ಬರೇ. ಅವರು ನನ್ನ ಹೈಸ್ಕೂಲಿನ ಹೆಡ್‌ಮಾಸ್ತರರು, ಈಗ ನಿವೃತ್ತರು. ನಾನು ಆಳಂದ ತಾಲ್ಲೂಕಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಮಾತು ಮತ್ತೆ ಶುರುವಾದ ಮೇಲೂ ಸಿಕ್ಕಲ್ಲೆಲ್ಲ ಅದೇ ಜಗಳ.

“ಏನವ್ವಾ, ನಮ್ಮ ಪ್ಲೂಟೊ ಏನ್ ತಪ್ಪು ಮಾಡಿತ್ತು?”

“ಸರ್, ಗ್ರಹ ಅನ್ನಿಸಿಕೊಳ್ಳಾಕ ಮೂರು ಷರತ್ತು ಅವ. ಸೂರ್ಯನ ಸುತ್ತ ತಿರುಗಬೇಕು, ದುಂಡಗಿರಬೇಕು, ತನ್ನ ಹಾದಿ ತಾನು ಸಾಫ್ ಮಾಡಿಕೊಂಡಿರಬೇಕು. ಪ್ಲೂಟೊನ ಹಾದ್ಯಾಗ ಇನ್ನೂ ಸಣ್ಣಪುಟ್ಟ ಗುಂಡು ಬಿದ್ದಾವ್ರಿ.”

“ಎರಡರಾಗ ಪಾಸಾಗಿ ಒಂದರಾಗ ಫೇಲಾದ್ರ ನಾವು ಗ್ರೇಸ್ ಮಾರ್ಕ್ಸ್ ಕೊಟ್ಟು ದಾಟಿಸ್ತಿದ್ವಿ!”

“ರೂಲ್ ಅಂದ್ರ ರೂಲ್ ರಿ, ಸರ್.”

ಈ ಮಾತನ್ನು ನಾನು ಬಹಳ ಗತ್ತಿನಿಂದ ಹೇಳುತ್ತಿದ್ದೆ. ಕಲಿಸಿದವರಿಗೇ ಕಲಿಸುವ ಸುಖ ಬೇರೆ. ಅದು ಒಂದು ದಿನ ತಿರುಗಿ ನನ್ನ ಮನೆ ಬಾಗಿಲಿಗೇ ಬರುತ್ತದೆಂದು ಗೊತ್ತಿರಲಿಲ್ಲ.

ನಮ್ಮದು ತೊಗರಿ ಹೊಲಗಳ ನಡುವೆ ಎಂಟು ಮನೆಯ ವಸ್ತಿ. ನಿಂಬರ್ಗಾದ ಸಂತೆಯಲ್ಲಿ ಯಾರಾದರೂ “ಯಾವೂರವ್ವ ನಿಮ್ದು?” ಎಂದು ಕೇಳಿದರೆ ನಮ್ಮ ಅತ್ತೆ, “ಊರಲ್ರೀ, ವಸ್ತಿ” ಎನ್ನುತ್ತಿದ್ದರು. ನಾನು ಮದುವೆಯಾಗಿ ಬಂದ ದಿನದಿಂದ ಅದೇ ಉತ್ತರ. ತಪ್ಪು ಮಾಡಿದವರಂತೆ ದನಿ ತಗ್ಗಿಸಿ ಹೇಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ತೊಗರಿ ರಾಶಿ ಮುಗಿದ ಮೇಲೆ ಪಕ್ಕದ ದೊಡ್ಡ ಊರಿನವರು ಹೆಂಗಸರಿಗಾಗಿ ಹಗ್ಗ ಜಗ್ಗುವ ಪಂದ್ಯ ಇಟ್ಟರು. ಊರಿಗೊಂದು ತಂಡ, ತಂಡಕ್ಕೆ ಎಂಟು ಜನ. ನಮ್ಮ ವಸ್ತಿಯಲ್ಲಿ ಸರಿಯಾಗಿ ಎಂಟು ಹೆಂಗಸರು ಎದ್ದು ನಿಂತೆವು. ಎಲ್ಲರಿಗಿಂತ ಮೊದಲು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದವರು ಅತ್ತೆ. ದಿನಾ ಸಂಜೆ ಬೇವಿನ ಮರಕ್ಕೆ ಹಗ್ಗ ಕಟ್ಟಿ ಜಗ್ಗುತ್ತಿದ್ದೆವು. ಮರ ಒಮ್ಮೆಯೂ ಸೋಲಲಿಲ್ಲ, ಆದರೆ ನಮ್ಮ ಅಂಗೈಗಳು ಗಟ್ಟಿಯಾದವು. ಹಗ್ಗದ ಕಟ್ಟಕಡೆಗೆ ನಿಲ್ಲುತ್ತಿದ್ದ ಅತ್ತೆ ಒಮ್ಮೆ ಹಿಮ್ಮಡಿ ಊರಿದರೆಂದರೆ ಮುಂದಿದ್ದ ನಾವು ಏಳು ಜನವೂ ಅಲುಗುತ್ತಿರಲಿಲ್ಲ. ಅಷ್ಟು ನಕ್ಕ ದಿನಗಳು ನನಗೆ ಬೇರೆ ನೆನಪಿಲ್ಲ.

ಹೆಸರು ಬರೆಸಲು ಅತ್ತೆಯೂ ನಾನೂ ಹೋದೆವು. ಮೇಜಿನ ಹಿಂದೆ ಕುಳಿತಿದ್ದವರು ನನ್ನ ಹೆಡ್‌ಮಾಸ್ತರರು! ಪಂದ್ಯದ ಹಿರಿಯರು ಅವರೇ.

“ವಸ್ತಿಗೆ ತಂಡ ಇಲ್ಲವ್ವಾ. ಊರಿಗೆ ಮಾತ್ರ.”

“ಊರು ಅಂದ್ರೇನ್ರಿ ಸರ್?” ಎಂದೆ.

ಅವರು ಈ ಪ್ರಶ್ನೆಗಾಗಿಯೇ ವರ್ಷಗಟ್ಟಲೆ ಕಾದಿದ್ದವರಂತೆ ಕನ್ನಡಕ ತೆಗೆದು ಒರೆಸಿದರು. “ಮೂರು ಷರತ್ತು. ಹಣಮಪ್ಪ ಇರಬೇಕು. ಅಗಸಿ ಇರಬೇಕು. ಸರಕಾರಿ ದಫ್ತರದಾಗ ಹೆಸರಿರಬೇಕು.”

ಹಣಮಪ್ಪ ಇದ್ದಾನೆ, ನಮ್ಮ ತೊಗರಿ ಹೊಲದ ನಡುವೆ, ಎಣ್ಣೆ ಸಿಂಧೂರ ಹಚ್ಚಿಕೊಂಡು. ಊರ ಹೆಬ್ಬಾಗಿಲು, ಅಗಸಿಯೂ ಇತ್ತೆನ್ನಿ, ಬಾಗಿಲು ಹೋಗಿದೆ, ಎರಡು ಕಲ್ಲುಗಂಬ ಉಳಿದಿವೆ, ಎಮ್ಮೆಗಳು ಮೈ ತಿಕ್ಕುತ್ತವೆ. ಇವೆರಡನ್ನೂ ಹೇಳಿದೆ; ಮೂರನೆಯದೇ ತೊಡಕು. ವಸ್ತಿಯ ಹೆಸರು ಯಾವ ದಫ್ತರದಲ್ಲೂ ಇರಲಿಲ್ಲ.

“ಎರಡು ಅವ, ಒಂದಿಲ್ಲ,” ಎಂದರು ಗುರುಗಳು, ಸಕ್ಕರೆ ತಿಂದವರಂತೆ. “ರೂಲ್ ಅಂದ್ರ ರೂಲ್. ಹೌದಲ್ರಿ ಟೀಚರಮ್ಮ?”

ಕೊಟ್ಟದ್ದು ತನಗೆ ಎನ್ನುತ್ತಾರಲ್ಲ, ಅದು ಬಡ್ಡಿ ಸಮೇತ ಬಂದಿತ್ತು. ಪಕ್ಕದಲ್ಲಿ ಅತ್ತೆ ಸೊಂಟದ ಸೆರಗನ್ನು ಮೆಲ್ಲಗೆ ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡರು. ಅದನ್ನು ನೋಡಿ ನನಗೆ, ಪ್ಲೂಟೊ ಮರಳಿ ಗ್ರಹವಾದರೂ ಆಗಲಿ, ಈ ಸೆರಗು ಮತ್ತೆ ಸೊಂಟಕ್ಕೆ ಏರಬೇಕು ಎನ್ನಿಸಿತು.

ಹೊರಟಿದ್ದ ಅತ್ತೆ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದರು. “ಸರ್, ನಮ್ಮ ಹೊಲದ ಪಹಣ್ಯಾಗ ಒಂದು ಊರಿನ ಹೆಸರು ಬರೀತಾರಲ್ರಿ. ನಾ ಬೆಳಿವಿಮಾ ಮಾಡಸಾಕ ಹೋದಾಗೆಲ್ಲ ನೋಡೇನಿ. ಅದು ಯಾವೂರ್ರಿ ಹಂಗಾದ್ರ?”

ನಾನು ಹಣೆ ಹಣೆ ಚಚ್ಚಿಕೊಂಡೆ. ಬೇಚರಾಕ್ ಊರು! ಎಂದೋ ಜನರೆಲ್ಲ ಬಿಟ್ಟುಹೋಗಿ, ಕಾಗದದಲ್ಲಿ ಮಾತ್ರ ಉಳಿದ ಊರಿಗೆ ನಿಜಾಮರ ಕಾಲದಿಂದ ನಮ್ಮ ಕಡೆ ಹಾಗೆನ್ನುತ್ತಾರೆ. ಎಂಟು ಒಲೆ ಉರಿಯುವ ವಸ್ತಿ ಸರಕಾರಕ್ಕೆ ಊರಲ್ಲ. ಅದೇ ನೆಲದ ಮೇಲಿದ್ದ, ಒಂದು ನರಪಿಳ್ಳೆಯೂ ಇಲ್ಲದ ಜಾಗ ಪಹಣಿಯಲ್ಲಿ ಊರು. ಹಣಮಪ್ಪನೂ ಆ ಊರಿನವನೇ, ಕಲ್ಲುಗಂಬಗಳೂ. ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಹುಡುಕಿಕೊಂಡು ಬಂದು, ಎಲ್ಲಿದೆ ಊರು ಎಂದು ತಕರಾರು ತೆಗೆಯುತ್ತೀರಿ.

ಮರುದಿನ ಅತ್ತೆ ಪ್ಲಾಸ್ಟಿಕ್ ಚೀಲದಿಂದ ಪಹಣಿ ತೆಗೆದು ಮೇಜಿನ ಮೇಲೆ ಹರವಿದರು. ಗುರುಗಳು ಎರಡು ಸಲ ಓದಿದರು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು. “ಗುರುವಿಗೇ ತಿರುಮಂತ್ರ! ಬರ್ಕೋರಿ, ಬರ್ಕೋರಿ.”

ಪಂದ್ಯದ ದಿನ ಮೈಕಿನಲ್ಲಿ ಅವರೇ ಆ ಹೆಸರು ಕೂಗಿದರು. ಅಷ್ಟು ದೊಡ್ಡ ದನಿಯಲ್ಲಿ ಅದನ್ನು ಯಾರೂ ಕೂಗಿರಲಿಕ್ಕಿಲ್ಲ. ಅತ್ತೆ ಹಿಮ್ಮಡಿ ಊರಿದರು. ಮೊದಲ ಸುತ್ತಿನಲ್ಲಿ ಮಟಕಿ ಊರಿನವರನ್ನು ಗೆರೆ ದಾಟಿಸಿದೆವು. ಎರಡನೆಯದರಲ್ಲಿ ಆತಿಥೇಯರು ನಮ್ಮನ್ನು ಮಣ್ಣಿನಲ್ಲಿ ಹೊರಳಾಡಿಸಿದರು. ಎಂಟೂ ಜನ ಬಿದ್ದಲ್ಲೇ ನಕ್ಕೆವು.

ಗುರುಗಳು ಕೈಕೊಟ್ಟು ನನ್ನನ್ನು ಎಬ್ಬಿಸಿದರು. “ಈಗರ ಪ್ಲೂಟೊ ವಿಚಾರ ಮಾಡವ್ವಾ.”

“ಅದು ಗ್ರಹ ಅಲ್ಲ ಬಿಡ್ರಿ, ಸರ್. ಆದ್ರ ನಾಳಿಂದ ಬೋರ್ಡ್ ಮ್ಯಾಲೆ ಅದನ್ನೂ ಬರೀತೇನಿ. ಸೂರ್ಯಂದು ದೂರದ ವಸ್ತಿ ಅಂತ ಹೇಳ್ತೇನಿ.”

“ಅಷ್ಟು ಸಾಕವ್ವಾ,” ಎಂದರು. ನಿಜಕ್ಕೂ ಖುಷಿಯಾಗಿದ್ದರು.

ಮರಳುವಾಗ ಟಂಟಂ ಆಟೊ ಸಿಕ್ಕಿತು. ಮೈತುಂಬ ಮಣ್ಣಾಗಿದ್ದ ನಮ್ಮನ್ನು ನೋಡಿ ಡ್ರೈವರ್ ಕೇಳಿದ, “ಯಾವೂರವ್ವ ನಿಮ್ದು?”

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಹೇಳಿದರು. ಊರಿನ ಹೆಸರನ್ನೇ ಹೇಳಿದರು, ಜೋರಾಗಿ.

“ಅದು ಎಲ್ಲಿ ಬರ್ತದವ್ವಾ?” ಎಂದ ಅವನು.

“ನಡಿ, ತೋರಿಸ್ತೇನಿ,” ಎಂದು ಅತ್ತೆ ಮುಂದಿನ ಸೀಟಿಗೆ ಹತ್ತಿ ಕುಳಿತರು.