ಬಾಯಿಗೆ ಉಳಿದ ಒಂದೇ ಮಾತು

ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನನ್ನು ಎಲ್ಲರೂ ಕಹಳೆ ಎಂದೇ ಕರೆಯುತ್ತಿದ್ದರು. ಟೊಮೆಟೊ ಕ್ರೇಟಿನ ಮೇಲೆ ಒಂದು ಕಾಲಿಟ್ಟು ಅವನು ದನಿ ಎತ್ತಿದನೆಂದರೆ, ಆಚೆ ಬೀದಿಯಲ್ಲಿ ಲಾರಿ ತೊಳೆಯುವವರಿಗೂ ಅಂದಿನ ದರ ತಿಳಿಯುತ್ತಿತ್ತು. ಮೂಟೆ ಹೊರುತ್ತಿದ್ದವನು ಬಾಯಿಯ ಬಲದಿಂದಲೇ ಸ್ವಂತ ಅಂಗಡಿ ಇಟ್ಟ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಕೆಲಸವಿಲ್ಲದೆ ಅಲೆಯುತ್ತಿದ್ದ ತಮ್ಮನನ್ನು ಕರೆತಂದು ತಕ್ಕಡಿಯ ಮುಂದೆ ನಿಲ್ಲಿಸಿದ್ದೂ ಅವನೇ.

ಒಂದು ಬೆಳಿಗ್ಗೆ ಈರುಳ್ಳಿಯ ಹರಾಜು ನಡೆದಿರುವಾಗಲೇ ಅವನ ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು. ಲಕ್ವ. ಆಸ್ಪತ್ರೆಯಿಂದ ಮನೆಗೆ ಬಂದಾಗ ಕುಂಟುತ್ತಲಾದರೂ ನಡೆಯುತ್ತಿದ್ದ. ಯಾರು ಏನೆಂದರೂ ಅರ್ಥವಾಗುತ್ತಿತ್ತು. ಆದರೆ ನೀರು ಬೇಕೆಂದರೂ, ಬೇಡವೆಂದರೂ, ಸಿಟ್ಟು ಬಂದರೂ ನಾಲಿಗೆಯಿಂದ ಹೊರಡುತ್ತಿದ್ದದ್ದು ಒಂದೇ ಮಾತು: "ಆಯ್ತು."

ಒಂದು ದಿನ ಅವನ ತಮ್ಮನು ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಮನೆಗೆ ಬಂದ. ಅಣ್ಣನ ಪಕ್ಕದಲ್ಲೇ ಕುಳಿತು ಮೆತ್ತಗೆ ಕೇಳಿದ.

"ಅಣ್ಣಾ, ಇನ್ಮೇಲೆ ಅಂಗಡಿ ನನ್ನ ಹೆಸರಲ್ಲೇ ಇರ್ಲಾ?"

ಕಹಳೆಗೆ ಮೈಯೆಲ್ಲ ಉರಿದುಹೋಯಿತು. ಬೇಡ ಎನ್ನಲು ಬಾಯಿ ತೆರೆದ. "ಆಯ್ತು" ಎಂದಿತು ಬಾಯಿ. ತಲೆ ಅಲ್ಲಾಡಿಸಿದ, ಎಡಗೈಯಿಂದ ನೆಲ ಗುದ್ದಿದ, ಮತ್ತೆ ಮತ್ತೆ ಅದೇ ಮಾತು ಕೂಗಿದ. ಕಣ್ಣಲ್ಲಿ ನೀರು ಬಂತು. ತಮ್ಮನ ಮೇಲೆ ಎಷ್ಟು ಪ್ರೀತಿ ನೋಡಿ ಎಂದರು ಹಿರಿಯರು. ಚಹಾ ತಂದ ಹೆಂಡತಿಯೂ ಆ ಮಾತನ್ನು ಕಿವಿಯಾರೆ ಕೇಳಿದ್ದಳು; ಬಾಯಿ ಮನಸ್ಸಿಗೆ ವಿರುದ್ಧವಾಗಿ ಆಡುತ್ತದೆಂದು ಅವಳಿಗೂ ಆಗ ಗೊತ್ತಿರಲಿಲ್ಲ. ನನ್ನನ್ನು ಒಂದು ಮಾತು ಕೇಳದೆ ಒಪ್ಪಿಕೊಂಡರಲ್ಲ ಎಂದು ಎರಡು ವಾರ ಅವನೊಡನೆ ಮುಖ ಕೊಟ್ಟು ಮಾತಾಡಲಿಲ್ಲ.

ಆಮೇಲೆ ಆಸ್ಪತ್ರೆಗೆ ಮಾತು ಕಲಿಸುವ ಹುಡುಗಿಯೊಬ್ಬಳು ಬಂದಳು. ಹಳೆಯ ಮಂಚಗಳನ್ನು ಪೇರಿಸಿಟ್ಟಿದ್ದ ಕೋಣೆಯೇ ಅವಳ ತರಗತಿ. ಹೂಂ ಅನ್ನುವುದಕ್ಕೆ ಅಂಗೈ ಬಿಚ್ಚುವುದು, ಊಹೂಂ ಅನ್ನುವುದಕ್ಕೆ ಮುಷ್ಟಿ ಕಟ್ಟುವುದನ್ನು ಅವನಿಗೆ ರೂಢಿ ಮಾಡಿಸಿದಳು. ಹೆಂಡತಿಗೆ ಬೇರೆಯೇ ಪಾಠ ಹೇಳಿದಳು.

"ಅವರ ಬಾಯಿ ನಂಬಬೇಡಿ ಅಮ್ಮಾ. ಒಂದೊಂದೇ ಕೇಳಿ, ಕೇಳಿ ಸುಮ್ನೆ ಕಾಯಿರಿ."

ಅಂದು ಮನೆಗೆ ಬಂದವಳೇ ಹೆಂಡತಿ ಕೇಳಿದ ಮೊದಲ ಪ್ರಶ್ನೆ ಅಂಗಡಿಯದು. ತಮ್ಮನಿಗೆ ಕೊಡಲು ಮನಸ್ಸಿತ್ತೇ? ಅವನು ಎಡಮುಷ್ಟಿಯನ್ನು ಬಿಗಿಯಾಗಿ ಕಟ್ಟಿದ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು.

ಮರುದಿನವೇ ಮೈದುನನ ಮುಂದೆ ಹೋಗಿ ನಿಂತಳು. ಅವನು ತಕ್ಕಡಿಯಿಂದ ಕಣ್ಣೆತ್ತಲಿಲ್ಲ.

"ನಾಲ್ಕು ಜನರ ಮುಂದೆ ಬಾಯ್ಬಿಟ್ಟು ಹೇಳಿದ್ದಾನೆ ಅತ್ತಿಗೆ. ಈಗ ಮುಷ್ಟಿ ತೋರಿಸ್ದ ಅಂತ ಅದನ್ನ ತಿರುಗಿಸೋಕಾಗುತ್ತಾ?"

ಹಿರಿಯರ ಮನೆ ಬಾಗಿಲಿಗೂ ಹೋದಳು. ಅವರೂ ಅದನ್ನೇ ಹೇಳಿ ಕಳಿಸಿದರು.

ಅದೇ ವರ್ಷ ಆಸ್ಪತ್ರೆಯಲ್ಲಿ ಮಾತು ಕಳೆದುಕೊಂಡವರ ಸೇವೆ ಸುಧಾರಿಸುವ ಸಭೆ ನಡೆಯಿತು. ರೋಗಿಗಳ ಪರವಾಗಿ ಒಬ್ಬರಿರಲಿ ಎಂದು ಕಹಳೆಯನ್ನೇ ವೇದಿಕೆ ಹತ್ತಿಸಿದರು. ಸುಧಾರಣೆಯೆಂದರೆ ಈ ಕೋಣೆಯನ್ನು ಮುಚ್ಚಿ ಹುಡುಗಿಯನ್ನು ದೂರದ ದೊಡ್ಡ ಆಸ್ಪತ್ರೆಗೆ ಕಳಿಸುವುದೆಂದು ಅಲ್ಲಿ ಕುಳಿತ ಮೇಲೆಯೇ ಗೊತ್ತಾಯಿತು. ಅಧಿಕಾರಿ ಮೈಕನ್ನು ಅವನ ಬಾಯಿಗೆ ಹಿಡಿದು, ಈ ಏರ್ಪಾಡು ಒಪ್ಪಿಗೆಯೇ ಎಂದು ಕೇಳಿದರು. ಕಹಳೆ ಮೈಕಿನಿಂದ ಮುಖ ತಿರುಗಿಸಿ ಎಡಮುಷ್ಟಿ ಕಟ್ಟಿ ತಲೆಗಿಂತ ಮೇಲೆ ಎತ್ತಿದ. ಎಷ್ಟು ತಡೆದರೂ ಬಾಯಿ ಆ ಹಾಳು ಮಾತನ್ನು ಉದುರಿಸಿಯೇಬಿಟ್ಟಿತು. ಮೇಲೆತ್ತಿದ ಮುಷ್ಟಿಗೆ ಜನ ಚಪ್ಪಾಳೆ ತಟ್ಟಿದರು. ಅವರು ಬೇಡ ಅಂತಿದ್ದಾರೆ ಎಂದು ಹೆಂಡತಿ ಕೆಳಗಿನಿಂದ ಕೂಗಿದಳು. ಹುಡುಗಿಯೂ ಎದ್ದು ನಿಂತಳು.

"ಅವರ ಮಾತು ಅವರೇ ಆಡ್ಲಿ ಬಿಡಿಮ್ಮಾ," ಎಂದರು ಅಧಿಕಾರಿ, ನಗುತ್ತಲೇ.

ಕೋಣೆಗೆ ಬೀಗ ಬಿತ್ತು. ದೊಡ್ಡ ಆಸ್ಪತ್ರೆಗೆ ಹೋಗಲು ಎರಡು ಬಸ್ಸು ಬದಲಾಯಿಸಬೇಕು. ಒಮ್ಮೆ ಹೋಗಿ ಬಂದು ಕಾಲು ಬಾತುಕೊಂಡ ಮೇಲೆ ಅದೂ ನಿಂತಿತು. ಹೆಂಡತಿ ಮಾತ್ರ ಒಂದೊಂದೇ ಕೇಳಿ ಕಾಯುವುದನ್ನು ಬಿಡಲಿಲ್ಲ. ಅನ್ನ ಸಾಕೇ, ಕಾಲು ನೋವೇ, ಕಿಟಕಿ ಹಾಕಲೇ?

ಒಂದು ಬೆಳಿಗ್ಗೆ ಅವನು ತಾನಾಗಿಯೇ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ಮಂಡಿಗಾ ಎಂದು ಕೇಳಿದಳು. ಅಂಗೈ ಬಿಚ್ಚಿದ.

"ಅಲ್ಲಿ ಹೋಗಿ ಏನ್ಮಾಡ್ತೀರಿ?" ಎಂದುಬಿಟ್ಟಳು.

ಅದು ಹೂಂ, ಊಹೂಂನಲ್ಲಿ ಮುಗಿಯುವ ಪ್ರಶ್ನೆಯಾಗಿರಲಿಲ್ಲ. ತಪ್ಪು ಕೇಳಿದೆನೆಂದು ಅವಳಿಗೂ ತಿಳಿಯಿತು. ಅವನು ತನ್ನ ಎಡಗೈಯನ್ನು ನೋಡುತ್ತ ಹೊಸಿಲ ಮೇಲೆ ನಿಂತೇ ಇದ್ದ.