ಸಕ್ಕರೆಯಿಲ್ಲದ ಉಂಡಿ, ತಂಬಾಕಿನ ವಾಸನೆ

ಆಗಿನ್ನೂ ನಿಪ್ಪಾಣಿಯ ನಮ್ಮ ಓಣಿಯಲ್ಲಿ ದೀಪಾವಳಿ ಅಂದರೆ ಫರಾಳದ ತಿಂಡಿಯ ಡಬ್ಬಿಗಳ ಓಡಾಟ. ಚಕ್ಕುಲಿ, ಶಂಕರಪಾಳಿ, ಕರಚಿಕಾಯಿ ಮನೆಯಿಂದ ಮನೆಗೆ ಹೋಗುತ್ತಿದ್ದವು. ಡಬ್ಬಿ ಒಯ್ಯುವವರು ನಾವು ಮಕ್ಕಳು. ಹೀಗಾಗಿ ಯಾರ ಮನೆಯ ಚಕ್ಕುಲಿ ಮೆತ್ತಗಾಗಿದೆ ಎಂಬ ತೀರ್ಪೂ ನಮ್ಮದೇ. ಅಜ್ಜ ತೀರಿಕೊಂಡ ವರ್ಷ ಮಾತ್ರ ಡಬ್ಬಿಗಳು ನಮ್ಮ ಮನೆಗೆ ಬಂದವು, ನಮ್ಮಿಂದ ಹೋಗಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬಕ್ಕೆ ಒಲೆಯ ಮೇಲೆ ಎಣ್ಣೆ ಇಡಬಾರದು, ಸಿಹಿ ಮಾಡಬಾರದು, ಹಂಚಲೇಬಾರದು.

ಅಂಥ ವರ್ಷವೇ ಆಯಿ, ಅಂದರೆ ನಮ್ಮ ಅಜ್ಜಿ, ಉಂಡಿ ಕಟ್ಟಲು ಕೂತಳು.

ಅಜ್ಜನಿಗೆ ಸಕ್ಕರೆ ಕಾಯಿಲೆ. ಅವನಿಗಾಗಿ ಆಯಿ ಪ್ರತಿ ದೀಪಾವಳಿಗೂ ಸಕ್ಕರೆ, ಬೆಲ್ಲ ಎರಡೂ ಇಲ್ಲದ ಉಂಡಿ ಮಾಡುತ್ತಿದ್ದಳು. ತಿನ್ನುವ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಎಳ್ಳು, ಗಸಗಸೆ ಹುರಿದು, ಬಿಸಿ ತುಪ್ಪದಲ್ಲಿ ಮೆತ್ತಗಾದ ಖರ್ಜೂರದೊಂದಿಗೆ ನಾದಿ ಕಟ್ಟುವುದು. ಆ ವರ್ಷ ತುಪ್ಪದ ಘಮ ಹರಡಿದ್ದೇ ತಡ, ಅವ್ವ ಹಿತ್ತಲಿನಿಂದ ಓಡಿ ಬಂದಳು.

"ಅತ್ತಿ, ಮಂದಿ ಏನಂದಾರು? ಈ ವರ್ಷ ನಮ್ಮನೀ ಸಿಹಿ ಯಾರ ಮುಟ್ಟತಾರ್ರಿ?"

ನಾನು ಶಾಲೆಯ ಚರ್ಚಾಕೂಟಕ್ಕೆ ಆಗಷ್ಟೇ ಸೇರಿದ್ದೆ. ಸುಮ್ಮನಿರುವುದು ಆಗಲಿಲ್ಲ. "ಸಕ್ರಿ ಇಲ್ಲ, ಬೆಲ್ಲ ಇಲ್ಲ. ಸಿಹಿ ಹೆಂಗ ಆಕ್ಕೈತಿ? ಒಲಿ ಮ್ಯಾಲ ಇಟ್ಟಿದ್ದು ತುಪ್ಪ, ಎಣ್ಣಿ ಅಲ್ಲ."

"ಯಾರ ಕಲಿಸ್ಯಾರ ಇಕಿಗಿ ಇಷ್ಟ ವಾದಾ ಮಾಡೂದು?"

"ಸಾಲಿಗಿ ಹಾಕಿದಾಕಿ ನೀನಾ," ಅಂದಳು ಆಯಿ, ಉಂಡಿ ಕಟ್ಟುತ್ತಲೇ. "ಈಗ ಅನುಭವಿಸು."

ಖರ್ಜೂರದಲ್ಲಿ ಇರುವುದೂ ಸಕ್ಕರೆಯೇ ಎಂದು ನನಗಾಗ ಯಾರೂ ಹೇಳಿರಲಿಲ್ಲ. ಗೊತ್ತಿದ್ದರೆ ಎದುರು ಪಕ್ಷವನ್ನೂ ನಾನೇ ವಹಿಸುತ್ತಿದ್ದೆ.

ಉಂಡಿ ಊರಿಗೆಲ್ಲ ಅಲ್ಲ, ಬಾಳಪ್ಪಜ್ಜನೊಬ್ಬನಿಗೆ. ಅಜ್ಜ, ಬಾಳಪ್ಪಜ್ಜ ಕೂಡಿ ತಂಬಾಕಿನ ವ್ಯಾಪಾರ ಮಾಡಿದವರು. ಸಂಜೆಯಾದರೆ ನಮ್ಮ ಮನೆಯ ತಂಬಾಕಿನ ಕೋಣೆಯಲ್ಲಿ ಇಬ್ಬರೂ ಎಲೆಯ ಮಾದರಿಗಳನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಜಗಳಾಡುತ್ತ ಕೂಡುತ್ತಿದ್ದರು. ಸಕ್ಕರೆ ಕಾಯಿಲೆ ಇಬ್ಬರಿಗೂ ಇತ್ತು. ಬಾಳಪ್ಪಜ್ಜನಿಗೆ ಮೊಮ್ಮಗ ಹುಟ್ಟಿದಾಗ ಅವನೇ ಅಜ್ಜನ ಬಾಯಿಗೆ ಒಂದು ಪೇಢೆ ಇಟ್ಟಿದ್ದ. ಅದೇ ವಾರ ಅಜ್ಜನ ಎದೆಬಡಿತ ನಿಂತಿತು. ಪೇಢೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಬಾಳಪ್ಪಜ್ಜ ನಂಬಲಿಲ್ಲ. ಮಣ್ಣು ಕೊಡಲು ಬಂದವನು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆಯಿಯನ್ನು ದೂರದಿಂದ ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದ.

ಉಂಡಿಗಳನ್ನು ಆಯಿ ಅಗಲ ಪರಾತದಲ್ಲಿ ಹರವಿ ತಂಬಾಕಿನ ಕೋಣೆಯಲ್ಲಿಟ್ಟಳು. ಅಲ್ಲಿಗೆ ಇರುವೆ ಬರುವುದಿಲ್ಲ, ಅದಕ್ಕೆ. ಎರಡು ದಿನ ಬಿಟ್ಟು ಡಬ್ಬಿಗೆ ತುಂಬುವಾಗ ಅವುಗಳಿಗೆ ಅಜ್ಜನ ಅಂಗಿಯ ವಾಸನೆ ಬಂದಿತ್ತು. ಅವ್ವ ಮೂಗು ಮುಚ್ಚಿದಳು. ಆಯಿ ಮುಚ್ಚಳ ಒತ್ತಿದಳು.

ಬಾಳಪ್ಪಜ್ಜನ ಮನೆಗೆ ಮಧ್ಯಾಹ್ನ ಹೋದೆವು. ಅವನ ಸೊಸೆ ಸುಮನ್ ಕಾಕು ಬಾಗಿಲಿಗೆ ಬಂದಳು.

"ಅಯ್ಯ ಆಯಿ, ಒಳಗ ಬರ್ರಿ."

"ವರ್ಷ ಆಗಿಲ್ಲವಾ, ಹಬ್ಬದಾಗ ಹೊಸ್ತಿಲಾ ದಾಟಂಗಿಲ್ಲ. ನಿಮ್ಮ ಮಾವನ್ನ ಕರಿ."

ಅವನು ಗೋಡೆ ಹಿಡಿದು ಬಂದು ಹೊಸ್ತಿಲ ಆಚೆ ನಿಂತ. ಆಯಿ ಡಬ್ಬಿ ಚಾಚಿದಳು. ಕೈ ನಡುಗುತ್ತಿತ್ತು. ಅವನು ತಗೊಳ್ಳಲಿಲ್ಲ.

"ಸಕ್ರಿ ಹಾಕಿಲ್ರಿ ಬಾಳಪ್ಪಣ್ಣಾ. ಅವರಿಗಿ ಮಾಡತಿದ್ನೆಲ್ಲ, ಅದಾ ಉಂಡಿ."

"ನನಗ್ಯಾಕ್ರಿ ವೈನಿ? ನಾ ಅವಗ ತಿನಿಸಿದ್ದು ಸಾಲಿಲ್ಲೇನು?"

"ನೀವು ತಿನಿಸಿದ್ದು ಅವರಿಗಿ ಭಾಳ ರುಚಿ ಹತ್ತಿತ್ತು," ಅಂದಳು ಆಯಿ. "ಮನಿಗಿ ಬಂದು ನನ್ನ ಮುಂದ ಹೇಳಿ ನಕ್ಕಿದ್ರು."

ಬಾಳಪ್ಪಜ್ಜ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದ. ವಾಸನೆ ಎದ್ದಿತು. ಅವನ ಕಣ್ಣುಗಳು ನಮ್ಮಿಬ್ಬರನ್ನೂ ದಾಟಿ ಹಿಂದೆ ಓಣಿಗೆ ಹೋಗಿ ಅಲ್ಲೇ ನಿಂತವು.

"ನಿಮ್ಮ ಹಿಂದ ಯಾರ ಬಂದಾರ್ರಿ?"

ಎಳ್ಳು, ತುಪ್ಪ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತವೆ. ವಾಸನೆ ನೆನಪನ್ನು ಎಬ್ಬಿಸುತ್ತದೆ. ನೆನಪಿಗೆ ಕಾಲಿಲ್ಲ, ಅದು ನಡೆದು ಬರುವುದಿಲ್ಲ. ಇದನ್ನು ಇವತ್ತು ಯಾವ ವೇದಿಕೆಯಲ್ಲಾದರೂ ವಾದಿಸಬಲ್ಲೆ. ಅವತ್ತು ಮಾತ್ರ ಕುತ್ತಿಗೆಯ ಹಿಂದೆ ತಣ್ಣಗಾಯಿತು, ಇಬ್ಬರೂ ತಿರುಗಿ ನೋಡಿದೆವು. ಬಿಸಿಲು ಬಿದ್ದ ಖಾಲಿ ಓಣಿ. ನಾವು ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಅವನು ಡಬ್ಬಿಯನ್ನು ಎದೆಗವಚಿಕೊಂಡು ಒಳಗೆ ಹೋಗಿದ್ದ.

"ತಗೊಂಡ್ನೆಲ್ಲ?" ದಾರಿಯಲ್ಲಿ ಆಯಿ ಕೇಳಿದಳು.

"ತಗೊಂಡ. ತಿನ್ನಲಿಲ್ಲ."

"ತಿಂತಾನ ಬಿಡು."

ನಮ್ಮಲ್ಲಿ ಡಬ್ಬಿ ಖಾಲಿ ವಾಪಸ್ಸು ಕೊಡುವುದಿಲ್ಲ. ತಿಂದು ತೊಳೆದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸುತ್ತಾರೆ. ಆ ಸಕ್ಕರೆ ಬಂದರೆ ಅವನು ತಿಂದ ಹಾಗೆ, ತನ್ನನ್ನು ತಾನು ಕ್ಷಮಿಸಿಕೊಂಡ ಹಾಗೆ ಎಂದು ಆಯಿ ಕಾದಳು. ನಾನು ಶಾಲೆಯಿಂದ ಬಂದರೆ ಮೊದಲು ನನ್ನ ಕೈ ನೋಡುತ್ತಿದ್ದಳು. ಡಬ್ಬಿ ಬರಲಿಲ್ಲ. ಶಿವರಾತ್ರಿಗೆ ಮುಂಚೆ ಬಾಳಪ್ಪಜ್ಜ ತೀರಿಹೋದ. ದಿನಕರ್ಮ ಮುಗಿದ ಮೇಲೆ ಸುಮನ್ ಕಾಕು ಡಬ್ಬಿ ತಂದಳು. ಉಂಡಿಗಳೆಲ್ಲ ಒಳಗೇ ಇದ್ದವು.

ಆಯಿಯ ಮುಖ ನೋಡಲಾಗಲಿಲ್ಲ. "ಒಂದೂ ತಿನ್ನಲಿಲ್ಲೇನವಾ?"

"ಇಲ್ರಿ ಆಯಿ. ದಿನಾ ಸಂಜಿಕ ಮುಚ್ಚಳ ತಗೀತಿದ್ರು. ವಾಸನಿ ನೋಡತಿದ್ರು, ಒಬ್ರ ಮಾತಾಡತಿದ್ರು, ಮತ್ತ ಮುಚ್ಚಿಡತಿದ್ರು. ಹುಡುಗೂರು ಕೈ ಹಾಕಿದ್ರ, ತಿಂದ್ರ ಅಂವಾ ಹೋಗಿಬಿಡತಾನ, ಮುಟ್ಟಬ್ಯಾಡ್ರಿ ಅಂತಿದ್ರು."

ಆಯಿ ಒಂದು ಉಂಡಿ ತೆಗೆದಳು. ಕಲ್ಲಾಗಿತ್ತು. ಬಾಗಿಲ ಕಟ್ಟೆಗೆ ಕುಟ್ಟಿ ಒಡೆದು ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿಯುತ್ತ ಕೂತಳು.

ಅವನು ಆ ಉಂಡಿಯನ್ನು ಒಪ್ಪಿಕೊಂಡನೋ ಇಲ್ಲವೋ? ಎರಡೂ ಕಡೆ ನಿಂತು ವಾದಿಸಿ ನೋಡಿದ್ದೇನೆ, ಎರಡೂ ಕಡೆ ಸೋತಿದ್ದೇನೆ. ದೆವ್ವವಿಲ್ಲ ಎಂಬ ಪಕ್ಷಕ್ಕೆ ಕಾಲೇಜಿನಲ್ಲಿ ಬಹುಮಾನ ತಂದವಳು ನಾನು. ರಜೆಗೆ ಮನೆಗೆ ಹೋದರೆ ಸಂಜೆ ಹೊತ್ತು ಆ ತಂಬಾಕಿನ ಕೋಣೆಯ ಮುಂದೆ ನಡೆಯುವಾಗ ಮಾತ್ರ ಹೆಜ್ಜೆ ಬೇಗ ಹಾಕುತ್ತಿದ್ದೆ.

ಈಗ ಆಯಿ ಇಲ್ಲ, ಆ ಕೋಣೆ ಮೋಟಾರ್ ಸೈಕಲ್ ನಿಲ್ಲಿಸುವ ಜಾಗ. ಶುಗರ್ ಫ್ರೀ ಎಂದು ಬರೆದ ಡಬ್ಬಗಳು ಬೇಕರಿಯಲ್ಲೇ ಸಿಗುತ್ತವೆ. ಆದರೂ ದೀಪಾವಳಿಗೆ ನಾನೇ ಕಟ್ಟುತ್ತೇನೆ. ಆಫೀಸಿನವರಿಗೆ, ಪಕ್ಕದ ಮನೆಯವರಿಗೆ ಕೊಡುತ್ತೇನೆ. ಎಲ್ಲರೂ ನಕ್ಕು ತಗೊಳ್ಳುತ್ತಾರೆ, ಎದುರಿಗೇ ತಿಂದು ಚೆನ್ನಾಗಿದೆ ಅನ್ನುತ್ತಾರೆ. ಬೇಡ ಅಂದುಬಿಟ್ಟಾರೇನೋ ಎಂದು ಕೈ ನಡುಗುವಂಥ ಒಂದು ಬಾಗಿಲೂ ನನಗೆ ಉಳಿದಿಲ್ಲ.